ದೀಪವಿರುವ ಡೇರೆ ಬೇಕಾಗಿತ್ತು

ಇದೆಲ್ಲ ಶುರುವಾದದ್ದು ಒಂದು ಚಿತ್ರದಿಂದ. ಎಂಟನೇ ತರಗತಿಯ ಪಾಠವೊಂದರಲ್ಲಿ ಕಾಡಿನ ನಡುವೆ ಡೇರೆ ಹಾಕಿದ ಚಿತ್ರವಿತ್ತು. ನಮ್ಮದು ನಂಜನಗೂಡಿನ ಕಿವುಡ ಹೆಣ್ಣುಮಕ್ಕಳ ವಸತಿ ಶಾಲೆ, ನಾನಲ್ಲಿ ಟೀಚರ್. ಪಾಠವೆಲ್ಲ ಕೈಯಲ್ಲೇ ನಡೆಯುತ್ತದೆ. ಡೇರೆಗೆ ಯಾವ ಸನ್ನೆ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಎರಡು ಅಂಗೈ ಓರೆಯಾಗಿ ಜೋಡಿಸಿ ಮನೆ ಮಾಡಿ, ಸೆರಗು ಹಿಡಿದು ತೋರಿಸಿ, 'ಬಟ್ಟೆ ಮನೆ' ಎಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು.

ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಏನೇ ಇರಲಿ, ಮಕ್ಕಳ ನಡುವೆ ಅವಳ ಹೆಸರು ಕೆನ್ನೆಗೆ ಒತ್ತಿದ ಒಂದು ಬೆರಳು. ನಕ್ಕರೆ ಅಲ್ಲಿ ಗುಳಿ ಬೀಳುತ್ತದೆ. ಇಲ್ಲಿಯೂ ಅವಳನ್ನು ಗುಳಿಕೆನ್ನೆ ಎಂದೇ ಕರೆಯುತ್ತೇನೆ. ನನ್ನ ಹೆಸರು ಹುಬ್ಬುಗಳ ನಡುವೆ ಎರಡು ಬೆರಳಿಟ್ಟು ಗಂಟು ಹಾಕುವುದು. ಮಕ್ಕಳು ಸುಮ್ಮಸುಮ್ಮನೆ ಹೆಸರಿಡುವುದಿಲ್ಲ.

"ನೀವು ಬಟ್ಟೆ ಮನೆಯಲ್ಲಿ ಮಲಗಿದ್ದೀರಾ?" ಎಂದು ಕೇಳಿದಳು.

"ಇಲ್ಲ."

"ಮತ್ತೆ ನಮಗೆ ಹೇಗೆ ಪಾಠ ಮಾಡ್ತೀರಿ?"

ಹಿಂದಿನ ಸಾಲಿನವರೆಲ್ಲ ಕುರ್ಚಿಯಿಂದ ಎದ್ದು ಉತ್ತರಕ್ಕೆ ಕಾದರು. ಆ ಮುಖಗಳನ್ನು ನೋಡಿ, "ಸರಿ, ಹೋಗಿ ಮಲಗಿಯೇ ನೋಡೋಣ" ಎಂದುಬಿಟ್ಟೆ. ಬಾಯಲ್ಲಿ ಆಡಿದ ಮಾತಾದರೆ ಹಾಗೆ ಹೇಳಲೇ ಇಲ್ಲ ಎಂದು ತಪ್ಪಿಸಿಕೊಳ್ಳಬಹುದು. ಕೈಯಲ್ಲಿ ಆಡಿದ ಮಾತನ್ನು ಹನ್ನೆರಡು ಜನ ಕಣ್ಣಾರೆ ನೋಡಿದ್ದರು.

ಮುಖ್ಯೋಪಾಧ್ಯಾಯಿನಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. "ಕರ್ಕೊಂಡ್ ಹೋಗ್ತೀನಿ ಅಂದ್ಬಿಟ್ಯಂತೆ? ನನ್ನ ಒಂದ್ ಮಾತು ಕೇಳ್ಬಾರ್ದಿತ್ತೇನಮ್ಮ?" ಎಂದರು. ಬೇಡ ಎನ್ನಲಿಲ್ಲ. "ಎಲ್ಲಾ ಪರ್ಮಿಷನ್ನೂ ಕಾಗದದ ಮೇಲೆ ಇರ್ಬೇಕು. ಬಾಯ್ಮಾತು ನಂಗೆ ಬೇಡ" ಎಂದು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ತಿರುಗಿದರು.

ನಾನು ಕ್ಯಾಂಪಿಗೆ ಹೋದವಳಲ್ಲ. ನಮ್ಮ ಮನೆಯವರು ಊರು ಬಿಟ್ಟರೆ ಛತ್ರದಲ್ಲಿ, ಇಲ್ಲವೇ ನೆಂಟರ ಮನೆಯಲ್ಲಿ ಉಳಿದವರು. ಗುಂಡ್ಲುಪೇಟೆ ದಾಟಿದ ಮೇಲೆ ಕಾಡಂಚಿನಲ್ಲಿ ಸರ್ಕಾರದ್ದೇ ಒಂದು ಪ್ರಕೃತಿ ಶಿಬಿರವಿದೆ, ಡೇರೆಯಿದೆ, ಊಟವಿದೆ, ವೆಬ್‌ಸೈಟಿನಲ್ಲಿ ಬುಕ್ ಮಾಡಿದರೆ ಆಯಿತು ಎಂದು ಯಾರೋ ಹೇಳಿದರು. 'ಮಾಡಿದರೆ ಆಯಿತು' ಎನ್ನುವ ಮಾತನ್ನು ನಾನು ಆಮೇಲೆ ಯಾರಿಗೂ ಹೇಳಿಲ್ಲ.

ವೆಬ್‌ಸೈಟು ಒಂದು ಸಲಕ್ಕೆ ಹತ್ತು ಜನರಿಗಿಂತ ಹೆಚ್ಚು ಹೆಸರು ತೆಗೆದುಕೊಳ್ಳುತ್ತಿರಲಿಲ್ಲ. ಮಕ್ಕಳೇ ಹನ್ನೆರಡು, ಜೊತೆಗೆ ನಾನು, ಮುಖ್ಯೋಪಾಧ್ಯಾಯಿನಿ, ಹಾಸ್ಟೆಲಿನ ವಾರ್ಡನ್. ಹತ್ತು ಹೆಸರು ತುಂಬಿಸಿ, ಉಳಿದವರಿಗೆ ಇನ್ನೊಂದು ಬುಕಿಂಗ್ ಶುರು ಮಾಡುವಷ್ಟರಲ್ಲಿ ಆ ದಿನದ ಡೇರೆಗಳು ಮುಗಿದಿರುತ್ತಿದ್ದವು. ಎರಡು ಸಲ ಹೀಗಾಯಿತು. ಹತ್ತು ಜನರನ್ನು ಕರೆದುಕೊಂಡು ಹೋಗಿ ಐವರನ್ನು ಗೇಟಿನ ಹೊರಗೆ ನಿಲ್ಲಿಸಲೇ? ಸಹಾಯಕ್ಕೆಂದು ಕೊಟ್ಟಿದ್ದ ಫೋನಿಗೆ ಮಾಡಿದರೆ ಎಲ್ಲ ಲೈನುಗಳೂ ಬಿಜಿ. ಕೊನೆಗೊಮ್ಮೆ ಯಾರೋ ಎತ್ತಿ, "ಶಾಲೆ ಗುಂಪಿಗೆ ದಾರಿ ಬೇರೆ ಮೇಡಂ. ನಿಮ್ಮ ಇಲಾಖೆಯಿಂದ ಪತ್ರ ಹಾಕಿಸಿ, ಲಿಂಕ್ ಕಳಿಸ್ತೀವಿ" ಎಂದರು.

ನಮ್ಮ ಇಲಾಖೆ ಯಾವುದು? ಇದು ತಮಾಷೆಯ ಪ್ರಶ್ನೆಯಲ್ಲ. ನಾನು ಮೊದಲು ಹೋದ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಗುಮಾಸ್ತರು ನಮ್ಮ ಶಾಲೆಯ ಹೆಸರು ಓದಿ ಅರ್ಜಿಯನ್ನು ನನ್ನ ಕಡೆಗೇ ತಳ್ಳಿದರು.

"ನೀವು ನಮ್ಗೆ ಬರಲ್ಲ ಮೇಡಂ. ಸ್ಪೆಷಲ್ ಸ್ಕೂಲೆಲ್ಲ ಮೈಸೂರಿನ ಆ ಆಫೀಸಿಗೆ."

ಮೈಸೂರಿನ ಆ ಆಫೀಸಿನಲ್ಲಿ ಇನ್ನೊಬ್ಬರು ಅಷ್ಟೇ ವಿನಯದಿಂದ ಹೇಳಿದರು: "ನಾವು ನೋಡ್ಕೊಳೋದು ಅನುದಾನ, ಸಾಧನ ಸಲಕರಣೆ. ಪ್ರವಾಸ ಅಂದ್ರೆ ಅದು ಶಿಕ್ಷಣದವ್ರದು."

"ಅವರು ನಿಮ್ಮದು ಅಂತಾರೆ ಸರ್."

"ಅವ್ರು ಹಂಗೇ ಅಂತಾರೆ."

ನಂಜನಗೂಡಿಗೂ ಮೈಸೂರಿಗೂ ನಡುವೆ ನಾನು ಎಷ್ಟು ಸಲ ಓಡಾಡಿದೆನೆಂದರೆ, ಬಸ್ಸಿನ ಕಂಡಕ್ಟರ್ ಒಬ್ಬರು ನನಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿದೆ ಎಂದುಕೊಂಡಿದ್ದರು. ಕೊನೆಗೆ ದಾರಿ ತೋರಿಸಿದವರು ಮುಖ್ಯೋಪಾಧ್ಯಾಯಿನಿಯೇ. 'ಪ್ರವಾಸ' ಎಂಬ ಪದ ತೆಗೆದು 'ಹೊರಾಂಗಣ ಭಾಷಾ ಕಲಿಕಾ ಚಟುವಟಿಕೆ' ಎಂದು ಬರೆಸಿದರು. ಅದಕ್ಕೆ ಮೈಸೂರಿನಲ್ಲಿ ಮಾತಿಲ್ಲದೆ ಸೀಲು ಬಿತ್ತು. ಮಕ್ಕಳು ಮಲಗುವುದು ಡೇರೆಯಲ್ಲೇ, ಬದಲಾಗಿದ್ದು ಪದ. ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಲಿಂಕು ಬಂತು. ಆಧಾರ್‌ನಲ್ಲಿರುವ ಹಾಗೆ ಒಬ್ಬೊಬ್ಬರ ಹೆಸರು ತುಂಬಿಸಬೇಕು. ಕಂಪ್ಯೂಟರಿನಲ್ಲಿ ಬೆರಳು ಚುರುಕಾಗಿರುವುದು ಗುಳಿಕೆನ್ನೆಗೆ, ಅವಳನ್ನೇ ಕೂರಿಸಿದೆ. ಇನಿಷಿಯಲ್ ಮುಂದಿದ್ದರೆ ತಪ್ಪು, ಹಿಂದಿದ್ದರೂ ತಪ್ಪು, ಚುಕ್ಕಿ ಇಟ್ಟರಂತೂ ಪೂರ್ತಿ ತಪ್ಪು. 'ವಿಶೇಷ ಅಗತ್ಯ' ಎಂಬ ಕಡೆ ಆರಿಸಿಕೊಳ್ಳಲು ಎರಡೇ ಇದ್ದವು: ಗಾಲಿಕುರ್ಚಿ, ಇಲ್ಲ. 'ಇಲ್ಲ' ಒತ್ತಿದೆವು. ಕೊನೆಯಲ್ಲಿ, ನೀವು ಮನುಷ್ಯರೇ ಎಂದು ಖಾತ್ರಿ ಮಾಡಿಕೊಳ್ಳಲು ಚಿತ್ರದೊಳಗಿನ ಅಕ್ಷರಗಳನ್ನು ಓದಿ ತುಂಬಿಸಬೇಕಿತ್ತು. ಚಿತ್ರ ಮೂಡಲೇ ಇಲ್ಲ. ಅದರ ಪಕ್ಕದಲ್ಲಿ ಒಂದು ಪುಟ್ಟ ಸ್ಪೀಕರಿನ ಗುರುತು: ಚಿತ್ರ ಕಾಣದಿದ್ದರೆ ಇದನ್ನು ಒತ್ತಿ ಕೇಳಿಸಿಕೊಳ್ಳಿ.

ಗುಳಿಕೆನ್ನೆ ನನ್ನತ್ತ ತಿರುಗಿ, ಕಿವಿಯ ಹಿಂದೆ ಅಂಗೈ ಹಿಡಿದು, ಸ್ಕ್ರೀನಿನ ಕಡೆ ಬಗ್ಗಿ ಬಹಳ ಗಮನವಿಟ್ಟು ಕೇಳುವವಳ ಹಾಗೆ ನಟಿಸಿದಳು. ಅಷ್ಟು ದಿನಗಳಲ್ಲಿ ನನಗೆ ನಗು ಬಂದದ್ದು ಅದೇ ಮೊದಲು.

ಅಕ್ಷರಗಳನ್ನು ನಾನೇ ಕೇಳಿಸಿಕೊಂಡು ಹೇಳಿದೆ, ಅವಳು ಒತ್ತಿದಳು. ಅದಾದ ಮೇಲೆ ಓಟಿಪಿ. ಅದು ಬರುವುದು ನನ್ನ ಫೋನಿಗೆ, ನನ್ನ ಫೋನಿಗೆ ನೆಟ್‌ವರ್ಕ್ ಸಿಗುವುದು ಗೇಟಿನ ಹತ್ತಿರ, ಕಂಪ್ಯೂಟರ್ ಇರುವುದು ಮೈದಾನದ ಆಚೆ ಬದಿಯ ಕೋಣೆಯಲ್ಲಿ. ಓಡಿ ಬರುವಷ್ಟರಲ್ಲಿ ಅವಧಿ ಮುಗಿಯುತ್ತಿತ್ತು. ಏದುಸಿರು ಬಿಡುತ್ತಾ ಮತ್ತೆ ಗೇಟಿಗೆ ಹೊರಟವಳನ್ನು ಗುಳಿಕೆನ್ನೆ ತಡೆದಳು. "ಓಡೋದು ಯಾಕೆ? ಅಲ್ಲಿಂದಲೇ ಹೇಳಿ" ಎಂದು ಕಿಟಕಿ ತೆಗೆದಳು.

ನಿಜವೇ! ನಾನು ಗೇಟಿನ ಬಳಿ ನಿಂತು ಒಂದೊಂದೇ ಅಂಕಿಯನ್ನು ಬೆರಳಲ್ಲಿ ತೋರಿಸಿದೆ, ಅವಳು ಅಷ್ಟು ದೂರದಿಂದ ನೋಡಿ ಒತ್ತಿದಳು. ಕಿವಿ ಕೇಳುವ ಮಕ್ಕಳಾಗಿದ್ದರೆ ನಾನು ಅರಚಬೇಕಿತ್ತು. ಕಿಟಕಿಯಲ್ಲಿ ಅವಳ ಎರಡು ಕೈಗಳೂ ಮೇಲೆದ್ದು ಅಲುಗಾಡಿದವು. ಅದು ಅವರ ಚಪ್ಪಾಳೆ. ಬುಕಿಂಗ್ ಆಗಿತ್ತು.

ಇನ್ನು ಪೋಷಕರ ಒಪ್ಪಿಗೆ. ಹೆಚ್ಚಿನವರು ಸಹಿ ಹಾಕಿ ಕಳಿಸಿದರು. ಗುಳಿಕೆನ್ನೆಯ ತಂದೆ ಮಾತ್ರ ಚಿಕ್ಕಯ್ಯನಛತ್ರದ ಕಡೆಯಿಂದ ಮೊಪೆಡ್ಡಿನಲ್ಲಿ ಖುದ್ದಾಗಿ ಬಂದರು. ನಾಲ್ಕು ಹಸು ಕಟ್ಟಿ ಡೈರಿಗೆ ಹಾಲು ಹಾಕುವವರು. ಕಾಗದವನ್ನು ಜೇಬಿನಿಂದ ತೆಗೆಯಲೂ ಇಲ್ಲ.

"ಮೇಡಮ್ಮೋರೆ, ಆನೆ ಓಡಾಡೋ ಜಾಗಕ್ಕೆ ಮಕ್ಳ ಕರ್ಕ ಓಗದು ಅಂದ್ರೇನು? ಇಂದ್ಗಡೆ ಬಂದು ನಿಂತ್ರೂ ಇವ್ಳಿಗೆ ತಿಳಿಯಕಿಲ್ಲ."

"ಕಾವಲಿನವರು ಇರ್ತಾರೆ. ನಾನಿರ್ತೀನಿ."

"ನೀವ್ ಇರ್ತೀರಿ ಸರಿ. ಕೂಗುದ್ರೆ ಇವ್ಳಿಗ್ ಕೇಳ್ಬೇಕಲ್ಲ?"

ಗುಳಿಕೆನ್ನೆ ಪಕ್ಕದಲ್ಲೇ ನಿಂತು ಅಪ್ಪನ ತುಟಿಯನ್ನೂ ನನ್ನ ಮುಖವನ್ನೂ ನೋಡುತ್ತಿದ್ದಳು. ಏನಂತೆ ಎಂದು ಕೇಳಿದಳು. ಹೇಳಿದೆ. ಅವಳು ಉತ್ತರ ಕೊಟ್ಟಳು, ಅದನ್ನು ನಾನು ಅವರಿಗೆ ಹೇಳಿದೆ: "ನಾನೇ ಬುಕ್ ಮಾಡಿದ್ದು, ನಾನು ಹೋಗಲೇಬೇಕು ಅಂತಿದಾಳೆ."

"ಅವ್ಳನ್ ಏನ್ ಕೇಳದು ಬುಡಿ. ಚಿಕ್ಕುಡ್ಗಿ" ಎಂದರು ಅವರು, ನನ್ನನ್ನೇ ನೋಡುತ್ತಾ. ಮಗಳಿಗೆ 'ಒಳಗೆ ಹೋಗು' ಎಂದು ಕೈಬೀಸಿದರು. ಆ ಒಂದು ಸನ್ನೆ ಅವರಿಗೆ ಗೊತ್ತಿತ್ತು. ಯೋಚನೆ ಮಾಡಿ ಹೇಳುತ್ತೇನೆಂದು ಮೊಪೆಡ್ ಹತ್ತಿದರು. ಅವಳು ಒಳಗೆ ಹೋಗಲಿಲ್ಲ. ಮೊಪೆಡ್ ಮರೆಯಾಗುವವರೆಗೆ ಅಲ್ಲೇ ನಿಂತಿದ್ದು, ಆಮೇಲೆ ನನ್ನ ಮೇಲೆ ಸಿಟ್ಟು ಮಾಡಿಕೊಂಡಳು. ನಾನು ಸರಿಯಾಗಿ ಹೇಳಲಿಲ್ಲವಂತೆ.

ಅವರ ಪ್ರಶ್ನೆ ಮಾತ್ರ ನನ್ನಲ್ಲೇ ಉಳಿಯಿತು. ಶಿಬಿರಕ್ಕೆ ಫೋನ್ ಮಾಡಿ, ನಮ್ಮ ಮಕ್ಕಳಿಗೆ ಕಿವಿ ಕೇಳುವುದಿಲ್ಲ, ಏನಾದರೂ ಬೇರೆ ವ್ಯವಸ್ಥೆ ಬೇಕೇ ಎಂದು ಕೇಳಿದೆ. "ಒಂದ್ಸಲ ನೀವೇ ಬಂದು ನೋಡ್ಕೊಂಡು ಹೋಗಿ ಮೇಡಂ" ಎಂದರು ಅಲ್ಲಿಯ ಮ್ಯಾನೇಜರ್.

ಹೋದೆ. ಜಾಗ ಚೆನ್ನಾಗಿತ್ತು. ಅದನ್ನು ಈಗಲೂ ಹೇಳುತ್ತೇನೆ. ಸಾಲಾಗಿ ಹಸಿರು ಡೇರೆಗಳು, ಆಚೆ ಕಂದಕ, ಅದರಾಚೆ ಕಾಡು. ಮ್ಯಾನೇಜರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ತಾಳ್ಮೆಯ ಮನುಷ್ಯ. ಒಂದೊಂದನ್ನೂ ತೋರಿಸಿ ಕೊನೆಗೆ ನಿಯಮಗಳಿಗೆ ಬಂದರು. ಊಟ ಮುಗಿದ ಮೇಲೆ ದೀಪಗಳೆಲ್ಲ ಆರುತ್ತವೆ. ಟಾರ್ಚ್ ಹಚ್ಚುವ ಹಾಗಿಲ್ಲ, ಮೊಬೈಲ್ ಬೆಳಕೂ ಬೇಡ. ಬೆಂಕಿ ಹಾಕುವ ಮಾತೇ ಇಲ್ಲ. ಏನಾದರೂ ಇದ್ದರೆ ಕಾವಲಿನವರು ಸೀಟಿ ಊದುತ್ತಾರೆ.

"ಒಂದು ದೀಪ? ಡೇರೆಗಳ ಮಧ್ಯ ಒಂದೇ ಒಂದು?"

"ಕಂದಕದ ಆಚೆ ಆನೆ ನೀರಿಗೆ ಬರೋ ದಾರಿ ಮೇಡಂ. ರೂಲ್ಸು ನಂದಲ್ಲ, ಆನೇದು."

ಆ ದಿನದವರೆಗೆ ನಾನು ಬೈದುಕೊಂಡ ಎಲ್ಲ ನಿಯಮಗಳೂ ಯಾರೋ ಮೇಜಿನ ಹಿಂದೆ ಕೂತು ಮಾಡಿದವು. ಇದೊಂದು ಮಾತ್ರ ನ್ಯಾಯವಾಗಿತ್ತು. ಅದಕ್ಕೇ ಹೆಚ್ಚು ಸಿಟ್ಟು ಬಂತು. ಒಂದು ಡೇರೆಯೊಳಗೆ ಹೋಗಿ ಬಾಗಿಲಿನ ಜಿಪ್ ಎಳೆದೆ. ಹಟ್ಟಹಗಲಿನಲ್ಲೇ ನನ್ನ ಬೆರಳುಗಳು ಮಸುಕಾಗಿ ಕಂಡವು. ಕೈ ಎತ್ತಿ 'ನೀರು ಬೇಕು' ಎಂದು ಮಾಡಿ ನೋಡಿದೆ. ಪಕ್ಕದಲ್ಲಿ ಕೂತವಳಿಗೂ ಗೊತ್ತಾಗುವ ಹಾಗಿರಲಿಲ್ಲ. ಹಾಸ್ಟೆಲಿನಲ್ಲಿ ಕರೆಂಟ್ ಹೋದಾಗ ಮಕ್ಕಳು ಒಬ್ಬರ ಕೈ ಒಬ್ಬರು ತಡಕಿ ಅಂಗೈಯಲ್ಲಿ ಬರೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗಿದ್ದೂ ಇಷ್ಟು ದಿನ ನನಗೆ ಇದು ಯಾಕೆ ತೋಚಲಿಲ್ಲ ಎಂದು ಹಿಂದಿರುಗುವ ಬಸ್ಸಿನುದ್ದಕ್ಕೂ ಯೋಚಿಸಿದೆ. ತೋಚಿದ್ದರೂ ಕಾಡಿನ ಆಸೆಯಲ್ಲಿ ಪಕ್ಕಕ್ಕೆ ತಳ್ಳಿದ್ದೆನೋ ಏನೋ.

ಆದರೂ ಬುಕಿಂಗ್ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಎಷ್ಟು ಅಲೆದಿದ್ದೆ! ಮಕ್ಕಳನ್ನು ಕೂರಿಸಿ ಎಲ್ಲ ಹೇಳಿ, ಇಬ್ಬಿಬ್ಬರು ಕೈ ಹಿಡಿದು ಮಲಗಬಹುದು, ಅಂಗೈಯಲ್ಲಿ ಬರೆಯಬಹುದು, ಬೆಳಗಾದ ಮೇಲೆ ಎಲ್ಲ ಮಾತಾಡಿಕೊಳ್ಳಬಹುದು ಎಂದು ಸಮಾಧಾನದ ದಾರಿಗಳನ್ನೂ ನಾನೇ ಹೇಳಿದೆ. ಅವರು ಒಪ್ಪುತ್ತಾರೆಂದು ನನಗೆ ನಂಬಿಕೆಯಿತ್ತು. ಕಾಡು ಬೇಡ ಎನ್ನುವ ಮಕ್ಕಳಿರುತ್ತಾರೆಯೇ?

ಅವರವರಲ್ಲೇ ಬಹಳ ಹೊತ್ತು ಚರ್ಚೆಯಾಯಿತು. ಕೈಗಳು ಎಷ್ಟು ಬೇಗ ಓಡಿದವೆಂದರೆ ನನಗೆ ಅರ್ಧ ತಪ್ಪಿಹೋಯಿತು. ಆಮೇಲೆ ಗುಳಿಕೆನ್ನೆ ಎದ್ದು ನಿಂತಳು.

"ಕತ್ತಲಾದ ಮೇಲೆ ಮಾತಿಲ್ಲದೆ ಸುಮ್ಮನೆ ಕೂರೋದು ಮನೆಯಲ್ಲೇ ಆಗುತ್ತೆ. ಬೆಳಕಿದ್ದರೂ ಆಗುತ್ತೆ. ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು?"

ಬೇರೆ ಹುಡುಗಿಯರು ತಲೆಯಾಡಿಸಿದರು. ಅವರಲ್ಲಿ ಯಾರ ಮನೆಯಲ್ಲೂ ಸನ್ನೆ ಬಲ್ಲವರಿರಲಿಲ್ಲ. ರಜೆಗೆ ಹೋದರೆ ಎಲ್ಲರೂ ಮಾತಾಡುವುದನ್ನು ನೋಡುತ್ತಾ ಕೂತು, ಶಾಲೆ ಯಾವಾಗ ತೆರೆಯುತ್ತದೆಂದು ಕ್ಯಾಲೆಂಡರ್ ನೋಡುವವರು. "ಆನೆ?" ಎಂದು ನಾನು ಕೊನೆಯ ಆಸೆಯಿಂದ ಕೇಳಿದೆ. "ಆನೆ ದೇವಸ್ಥಾನದಲ್ಲಿ ನೋಡಿದ್ದೇವೆ. ನಮಗೆ ಬಟ್ಟೆ ಮನೆ ಬೇಕು, ಅದರಲ್ಲಿ ದೀಪ ಬೇಕು" ಎಂದಳು.

ನನಗೆ ಅವರ ಮೇಲೆ ನಿಜವಾಗಿಯೂ ಕೋಪ ಬಂತು. ಕೋಣೆಯಿಂದ ಹೊರಗೆ ಬಂದು ನೀರಿನ ಟ್ಯಾಂಕಿನ ಹತ್ತಿರ ಒಬ್ಬಳೇ ನಿಂತೆ. ಆ ಕಂದಕ, ಹಸಿರು ಡೇರೆ, ಅದರಾಚೆಯ ಕಾಡು, ಇದೆಲ್ಲ ಬೇಕಾಗಿದ್ದದ್ದು ನನಗೆ. ಅವರು ಮೊದಲ ದಿನದಿಂದಲೂ ಡೇರೆಯೊಂದನ್ನೇ ಕೇಳಿದ್ದರು. ಒಳಗೆ ಹೋಗಿ ಬುಕಿಂಗ್ ರದ್ದು ಮಾಡಿದೆ. ರದ್ದು ಮಾಡುವುದಕ್ಕೆ ಓಟಿಪಿಯೂ ಬೇಕಾಗಲಿಲ್ಲ, ಚಿತ್ರವೂ ಬೇಕಾಗಲಿಲ್ಲ. ಒಂದೇ ಸಲ ಒತ್ತಿದ್ದಕ್ಕೆ ಆಗಿಹೋಯಿತು.

"ಇದಕ್ಕಾ ಇಷ್ಟು ದಿನ ಕುಣಿದಿದ್ದು?" ಎಂದರು ಮುಖ್ಯೋಪಾಧ್ಯಾಯಿನಿ. ಉತ್ತರ ಕೊಟ್ಟದ್ದು ನಾನಲ್ಲ, ವಾರ್ಡನ್. ಅವರು ಸೋಮನಾಥಪುರದವರು, ಮಾತು ಕಮ್ಮಿ. "ನಮ್ಮೂರ್ ದಾರೀಲಿ, ನಾಲೆ ಪಕ್ಕ ಒಂದು ಪಾರ್ಕ್ ಮಾಡವ್ರೆ ಮೇಡಂ. ಗಿಡ ಮರ ಅವೆ, ಸುತ್ತಾ ಬೇಲಿ ಅದೆ, ಲೈಟ್ ಕಂಬಾನೂ ಅವೆ. ಕೇಳ್ ನೋಡ್ಬೋದು."

ಹೀಗೆ ಎರಡನೇ ಅಲೆದಾಟ ಶುರುವಾಯಿತು. ಸುತ್ತೂರಿನ ಮೇಲೆ ಹೋಗುವ ಬಸ್ಸು ಹಿಡಿದು ಟಿ. ನರಸೀಪುರಕ್ಕೆ ಹೋದೆ. ಪಾರ್ಕು ನೋಡಿಕೊಳ್ಳುವ ಅರಣ್ಯ ಇಲಾಖೆಯ ಕಚೇರಿಯಲ್ಲಿ ಸಾಹೇಬರಿರಲಿಲ್ಲ. ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡಿತೆಂದು ಫೋನ್ ಬಂದು ಬೋನು ಇಡಿಸಲು ಹೋಗಿದ್ದರು. ಇನ್ನೊಂದು ದಿನ ಹೋದೆ, ಅವತ್ತೂ ಚಿರತೆ. ಮೂರನೇ ಸಲ ಸಿಕ್ಕರು. ರಾತ್ರಿ ನಿದ್ದೆಗೆಟ್ಟ ಮುಖ, ಬೂಟಿನ ತುಂಬಾ ಕೆಸರು.

"ರಾತ್ರಿ ತಂಗೋಕಾ? ಅದು ವಾಕಿಂಗ್ ಬರೋರಿಗೆ ಮಾಡಿರೋ ಪಾರ್ಕು ಮೇಡಂ."

"ತಂಗಬಾರದು ಅಂತ ರೂಲ್ಸ್ ಇದೆಯಾ ಸರ್?"

"ತಂಗಬಹುದು ಅಂತ ಇಲ್ಲ."

"ಇಲ್ಲದೇ ಇರೋದು ಅಂದ್ರೆ..."

"ಮೇಡಂ, ನಮ್ಮ ತಾಲ್ಲೂಕಲ್ಲಿ ಈಗ ಸಂಜೆ ಮೇಲೆ ದೊಡ್ಡೋರೇ ಒಬ್ಬೊಬ್ಬರು ತೋಟಕ್ಕೆ ಹೋಗಲ್ಲ. ನೀವು ಮಕ್ಕಳನ್ನ ತರ್ತೀನಿ ಅಂತೀರಿ. ಸರ್ಕಾರದ್ದೇ ಕ್ಯಾಂಪ್ ಇದಾವಲ್ಲ, ಅಲ್ಲಿಗೆ ಹೋಗಿ."

ಅಲ್ಲಿಗೆ ಹೋದ ಕಥೆಯನ್ನು ಹೇಳುವ ಶಕ್ತಿ ನನಗೆ ಉಳಿದಿರಲಿಲ್ಲ. ಆದರೆ ಅವತ್ತು ಗುಳಿಕೆನ್ನೆಯೂ ಜೊತೆಗಿದ್ದಳು. ದಿನಾ ಬರಿಗೈಯಲ್ಲಿ ಬಂದು ಏನೇನೋ ನೆಪ ಹೇಳುತ್ತೇನೆಂದು ಅವಳಿಗೆ ಅನುಮಾನವಿತ್ತು. ನೋಡಲಿ ಎಂದು ಕರೆದುಕೊಂಡು ಬಂದಿದ್ದೆ. ಅವಳು ನನ್ನ ತೋಳು ತಟ್ಟಿ, "ಅವರ ಪಾರ್ಕಿನಲ್ಲಿ ಎಷ್ಟು ದೀಪ ಇವೆ, ಕೇಳಿ" ಎಂದಳು.

ಕೇಳಿದೆ. ಸಾಹೇಬರು ನನ್ನನ್ನು ಬಿಟ್ಟು ಅವಳನ್ನು ನೋಡಿದರು. ಗೊತ್ತಿರಲಿಲ್ಲ. ಪಾರ್ಕಿನ ಕಾವಲುಗಾರರಿಗೆ ಫೋನ್ ಹಚ್ಚಿದರು. "ಲೋ, ಒಳಗಡೆ ಲೈಟ್ ಕಂಬ ಎಷ್ಟವೆ? ಆರಾ? ಎಲ್ಲಾ ಉರಿತಾವಾ? ಎಷ್ಟ್ ದಿನ ಆಯ್ತು ಕೆಟ್ಟು?" ಫೋನಿಟ್ಟು, "ಆರು. ಎರಡು ಕೆಟ್ಟಿವೆ" ಎಂದರು.

ನಾನು ಅವಳಿಗೆ ಹೇಳಿದೆ. ಅವಳು ಯೋಚಿಸಿ ಉತ್ತರ ಕೊಟ್ಟಳು. ಅದನ್ನು ಹಾಗೇ ಹೇಳಲೋ ಬೇಡವೋ ಎಂದು ನಾನು ತಡವರಿಸುತ್ತಿದ್ದಾಗ, "ಏನಂತೆ? ಹೇಳಿ" ಎಂದರು.

"ರಿಪೇರಿ ಮಾಡಿಸಿ ಅಂತಿದಾಳೆ. ನಾವು ಆಮೇಲೆ ಬರ್ತೀವಂತೆ."

ಅವರು ಜೋರಾಗಿ ನಕ್ಕರು. ಆಮೇಲೆ ದೀಪದ ಮೇಲೆ ಇಷ್ಟು ಮಾತು ಯಾಕೆ ಎಂದು ಕೇಳಿದರು. ಕತ್ತಲಲ್ಲಿ ಕೈ ಕಾಣುವುದಿಲ್ಲ, ಕೈ ಕಾಣದಿದ್ದರೆ ಇವರಿಗೆ ಮಾತಿಲ್ಲ ಎಂದೆ. ಅವರು ನಗು ನಿಲ್ಲಿಸಿ ಗಡ್ಡ ಕೆರೆದುಕೊಂಡರು. ಜೀಪಿನಲ್ಲಿ ನಮ್ಮಿಬ್ಬರನ್ನೂ ಹತ್ತಿಸಿಕೊಂಡು ಪಾರ್ಕಿಗೇ ಹೋದರು. ಸುತ್ತ ಎತ್ತರದ ತಂತಿಬೇಲಿ. ಗೇಟಿನ ಪಕ್ಕ ಕಾವಲುಗಾರರ ಮನೆ, ಅದರ ಮುಂದೆ ಹುಲ್ಲು ಕತ್ತರಿಸಿದ ಅಂಗಳ, ಒಂದು ಶೌಚಾಲಯ. ನೇರಳೆ, ಹೊಂಗೆ, ಬೇವು, ಎಲ್ಲಾ ಈಚೆಗೆ ನೆಟ್ಟವು. ಕಾಡು ಎಂದು ಕರೆಯಲು ನಾಚಿಕೆಯಾಗುವಂಥ ಜಾಗ. ಗುಳಿಕೆನ್ನೆ ಅಂಗಳದ ಆಚೆ ತುದಿಗೆ ಹೋಗಿ ನಿಂತು, ಅಲ್ಲಿಂದ ನನ್ನೊಂದಿಗೆ ಮಾತಾಡಿ ನೋಡಿದಳು. ಮರಗಳು ಅಡ್ಡ ಬರುವುದಿಲ್ಲ, ಸರಿಯಾಗಿದೆ ಎಂದಳು.

"ಮೇಲಿನವರನ್ನ ಕೇಳ್ಬೇಕು. ಗ್ಯಾರಂಟಿ ಕೊಡಲ್ಲ" ಎಂದರು ಸಾಹೇಬರು. ವಾರಗಳು ಹೋದವು. ನಾನು ಫೋನ್ ಮಾಡುವುದು, ಅವರು ಬೋನಿನ ಹತ್ತಿರ ಇರುವುದು, ಇದೇ ನಡೆಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರೇ ಮಾಡಿದರು.

"ಆಗಿದೆ ಮೇಡಂ. ಆ ಸುತ್ತಾ ಈಚೆಗೆ ಏನೂ ಕಂಡಿಲ್ಲ, ಬೇಲಿ ನಾನೇ ಸುತ್ತಿ ನೋಡಿದೀನಿ. ಡೇರೆ ಅಂಗಳದಲ್ಲೇ ಹಾಕ್ಬೇಕು. ಇಬ್ಬರು ಗಾರ್ಡ್ ಕೊಡ್ತೀನಿ. ಒಂದು ಕಂಡೀಷನ್ನು ಮಾತ್ರ ಇದೆ."

ಇನ್ಯಾವ ಪತ್ರ ಬೇಕೋ ಎಂದು ಪೆನ್ನು ಕೈಗೆತ್ತಿಕೊಂಡೆ.

"ರಾತ್ರಿಯೆಲ್ಲ ಲೈಟ್ ಉರೀತಿರ್ಬೇಕು. ಒಂದು ಕಂಬಾನೂ ಆರಿಸೋ ಹಾಗಿಲ್ಲ. ಒಪ್ತೀರಾ?"

ನಾನು ನಗಲು ಶುರು ಮಾಡಿದವಳು ನಿಲ್ಲಿಸಲಾರದೆ ಹೋದೆ. "ಯಾಕ್ ಮೇಡಂ? ನಾನು ಸೀರಿಯಸ್ಸಾಗಿ ಹೇಳ್ತಿದೀನಿ, ಚಿರತೆ ವಿಷಯ ಇದು" ಎಂದು ಅವರು ಬೇಸರಪಟ್ಟುಕೊಂಡರು.

ಪಾರ್ಕಿನಲ್ಲಿ ಡೇರೆಗಳಿರಲಿಲ್ಲ. ಟಿ. ನರಸೀಪುರದ ಅಂಗಡಿಯೊಂದರಲ್ಲಿ ವಿಚಾರಿಸಿದರೆ, "ಡೇರೆ ಅಂದ್ರೆ ಶಾಮಿಯಾನ ತಾನೆ? ಕೆಂಪು ಬಿಳಿ ಹಾಕ್ಸ್ಕೊಡ್ತೀವಿ, ಕುರ್ಚಿ ಎಷ್ಟ್ ಬೇಕು?" ಎಂದರು. ಕೊನೆಗೆ ಮೈಸೂರಿನಲ್ಲಿ ಚಾರಣದವರಿಗೆ ಬಾಡಿಗೆ ಕೊಡುವವರು ಸಿಕ್ಕಿದರು. ಶಾಲೆಯ ಮೈದಾನದಲ್ಲಿ ಬಿಚ್ಚಿ ನೋಡಿದರೆ ನಾಲ್ಕು ಡೇರೆ, ಬೇಕಾದಷ್ಟು ಕಡ್ಡಿಗಳು, ಒಂದೇ ಒಂದು ಗೂಟವಿಲ್ಲ. ಆ ಹೊತ್ತಿಗೆ ನನಗೆ ಕೋಪಿಸಿಕೊಳ್ಳಲೂ ಬೇಜಾರಾಗಿತ್ತು. ವಾರ್ಡನ್ ತಮ್ಮೂರಿಗೆ ಫೋನ್ ಮಾಡಿ ಬಿದಿರಿನ ಗೂಟ ಕಡಿಸಿ ತರಿಸಿದರು. ಮೊದಲ ಡೇರೆ ಒಳಗಿನದು ಹೊರಗಾಗಿ ನಿಂತಿತು. ಎರಡನೆಯದು ಮುಖ್ಯೋಪಾಧ್ಯಾಯಿನಿಯ ಮೇಲೆ ಬಿತ್ತು.

ಗುಳಿಕೆನ್ನೆಯ ತಂದೆಗೆ ಹೊಸ ಜಾಗದ ವಿಚಾರ ಹೇಳಿದಾಗ ಫೋನಿನಲ್ಲಿ ಬಹಳ ಹೊತ್ತು ಲೆಕ್ಕ ಹಾಕಿದರು. "ಅಲ್ಲೂ ಚಿರ್ತೆ ಅದೆ ಅಂತಾರಲ್ಲ ಮೇಡಮ್ಮೋರೆ. ಲೈಟ್ ಇರ್ತದೆ ಅಂತೀರಿ. ಆಯ್ತು, ಕಳುಸ್ತೀನಿ. ಆದ್ರೆ ನಾನೂ ಬತ್ತೀನಿ. ಒಳೀಕ್ ಬರಕಿಲ್ಲ, ಗೇಟ್ ತಾವ್ ಕೂತಿರ್ತೀನಿ." ಮಗಳಿಗೆ ಇದನ್ನು ಹೇಳಿದಾಗ ಅವಳು ಮುಖ ಮುಚ್ಚಿಕೊಂಡಳು. ಬೇರೆ ಯಾರ ಅಪ್ಪನೂ ಬರುವುದಿಲ್ಲ, ಮರ್ಯಾದೆ ಹೋಯಿತು ಎಂದಳು.

ಹೇಳಿದಂತೆ ಅವರು ಬಂದರು. ಬೆಳಗಿನ ಹಾಲು ಡೈರಿಗೆ ಹಾಕಿ, ಹಸುಗಳನ್ನು ತಮ್ಮನಿಗೆ ಒಪ್ಪಿಸಿ, ನಾವು ಡೇರೆ ಹಾಕುವ ಹೊತ್ತಿಗೆ ಗೇಟಿನ ಕಲ್ಲುಬೆಂಚಿನ ಮೇಲೆ ಟವೆಲ್ ಹಾಸಿ ಕೂತಿದ್ದರು. ಕರೆದರೂ ಒಳಗೆ ಬರಲಿಲ್ಲ. ಮಧ್ಯಾಹ್ನವೆಲ್ಲ ಅಲ್ಲಿಂದಲೇ ನೋಡಿದರು. ಗಾರ್ಡುಗಳಿಬ್ಬರಿಗೆ ಮಕ್ಕಳು 'ನಿಲ್ಲು', 'ಬಾ', 'ಹಾವು' ಸನ್ನೆಗಳನ್ನು ಕಲಿಸಿದರು. ತಮ್ಮನ್ನು ಕರೆಯಬೇಕಾದರೆ ಇದನ್ನು ಹಚ್ಚಿ ಆರಿಸಿ ಎಂದು ಅವರಲ್ಲೊಬ್ಬರಿಗೆ ಟಾರ್ಚ್ ಕೊಟ್ಟರು. ಅನ್ನ ಸಾರು ಮಕ್ಕಳದ್ದೇ ಅಡುಗೆ. ಯಾರೂ ಯಾರ ಮಾತನ್ನೂ ಒಪ್ಪದೆ, ನೀರು ಹೆಚ್ಚಾಗಿ, ಬೆಂಕಿ ಜೋರಾಗಿ, ಆಗಬೇಕಾದದ್ದೆಲ್ಲ ಆಯಿತು.

ಸಂಜೆಯಾಗುತ್ತಿದ್ದಂತೆ ಆರು ಕಂಬಗಳೂ ಹೊತ್ತಿಕೊಂಡವು. ಅಂಗಳದಲ್ಲಿ ಹನ್ನೆರಡು ಹುಡುಗಿಯರು ದುಂಡಗೆ ಕೂತು ತಟ್ಟೆ ಕೆಳಗಿಟ್ಟು ಮಾತಿಗೆ ಶುರು ಮಾಡಿದರು. ಇಪ್ಪತ್ನಾಲ್ಕು ಕೈಗಳು ಒಟ್ಟಿಗೇ ಏಳುವುದು, ಇಳಿಯುವುದು, ಒಬ್ಬಳು ಇನ್ನೊಬ್ಬಳ ಮಾತನ್ನು ತಡೆಯುವುದು, ನಗುವುದು, ಜಗಳ. ನೋಡುವವರಿಗೆ ಕಣ್ಣು ಸಾಲದು. ಯಾವಾಗ ಎದ್ದು ಬಂದರೋ, ಗುಳಿಕೆನ್ನೆಯ ತಂದೆ ನನ್ನ ಪಕ್ಕದಲ್ಲಿ ನಿಂತಿದ್ದರು. ಬಹಳ ಹೊತ್ತು ನೋಡಿದರು.

"ಊಟ ಆಯ್ತಾ ಅನ್ನಕೆ ಎಂಗೆ ಮೇಡಮ್ಮೋರೆ?" ಎಂದರು, ಬೇರೆ ಯಾರಿಗೂ ಕೇಳಿಸಬಾರದೆನ್ನುವಂತೆ. ಆ ದುಂಡಿನಲ್ಲಿ ಕೇಳಿಸಿಕೊಳ್ಳುವವರು ಯಾರಿದ್ದರು?

ತೋರಿಸಿದೆ. ಬೆರಳು ಕೂಡಿಸಿ ಬಾಯಿಯ ಬಳಿ, ಆಮೇಲೆ ಎರಡೂ ಕೈ ಕೊಡವಿದ ಹಾಗೆ ಹೊರಕ್ಕೆ. ಅವರು ಮಾಡಿದರು. ಕೈ ಸರಿಯಾಗಿತ್ತು, ಮುಖ ಕಲ್ಲಿನ ಹಾಗಿತ್ತು. "ಹೀಗೆ ಮಾಡಿದ್ರೆ 'ಊಟ ಆಯ್ತು' ಅಂತ ಆಗುತ್ತೆ. ಕೇಳ್ಬೇಕಾದ್ರೆ ಹುಬ್ಬು ಏರಿಸ್ಬೇಕು" ಎಂದೆ. ಏರಿಸಿದರು, ತೀರಾ ಮೇಲಕ್ಕೆ, ಕಣ್ಣೂ ಅಗಲವಾಯಿತು. ಪಕ್ಕದ ಹುಡುಗಿ ನೋಡಿ ಗುಳಿಕೆನ್ನೆಯನ್ನು ತಿವಿದಳು.

ಅವಳು ತಿರುಗಿದಳು. 'ಒಳಗೆ ಬರುವುದಿಲ್ಲ' ಎಂದ ಅಪ್ಪ ಅಂಗಳದ ಮಧ್ಯ ಹುಬ್ಬು ಏರಿಸಿ ನಿಂತಿದ್ದಾರೆ. ಅವರು ಇನ್ನೊಂದು ಸಲ ಮಾಡಿದರು. ಉಳಿದ ಕೈಗಳೆಲ್ಲ ನಿಂತವು. ಅವಳು ಎದ್ದು ಬಂದು ದೀಪದ ಕೆಳಗೆ ಅವರ ಮುಂದೆ ನಿಂತು ಉತ್ತರ ಕೊಡಲು ಶುರು ಮಾಡಿದಳು. ಆಯಿತು ಎಂದು ನಿಲ್ಲಿಸಲಿಲ್ಲ. ಅನ್ನ ಮುದ್ದೆಯಾಯಿತು, ಅದು ನನ್ನ ತಪ್ಪಲ್ಲ, ನಾನು ನೀರು ಸಾಕು ಅಂದೆ, ಅವಳು ಕೇಳಲಿಲ್ಲ, ಸಾರಿಗೆ ಇಬ್ಬರು ಉಪ್ಪು ಹಾಕಿದರು, ಹಪ್ಪಳ ಸೀದಿತು, ಆದರೂ ನಾನು ಎರಡು ಸಲ ಬಡಿಸಿಕೊಂಡೆ, ನೀವು ಉಂಡಿರಾ, ಬೆಳಿಗ್ಗೆಯಿಂದ ಕಲ್ಲಿನ ಮೇಲೆ ಯಾಕೆ ಕೂತಿದ್ದೀರಿ, ಅಮ್ಮ ಏನು ಮಾಡುತ್ತಿದ್ದಾಳೆ, ಕರು ಹಾಕಿತಾ. ನಾನು ಹೇಳುತ್ತಾ ಹೋದೆ, ಅವಳ ಕೈಗೆ ನನ್ನ ಬಾಯಿ ಸಾಲಲಿಲ್ಲ.

ಅವರು ನನ್ನನ್ನು ನೋಡಲಿಲ್ಲ. ಮಗಳ ಕೈಗಳನ್ನೇ ನೋಡುತ್ತಿದ್ದರು.

"ಇಷ್ಟೊಂದ್ ಮಾತಾಡ್ತಳಾ ಮೇಡಮ್ಮೋರೆ ಇವ್ಳು?"

"ಇದು ಕಮ್ಮಿ" ಎಂದೆ.

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮತ್ತೆ ಹುಬ್ಬು ಏರಿಸಿ, ತಮಗೆ ಬರುತ್ತಿದ್ದ ಆ ಒಂದೇ ಪ್ರಶ್ನೆಯನ್ನು ಅವಳಿಗೆ ಇನ್ನೊಮ್ಮೆ ಕೇಳಿದರು.